ಕೊನೆಗೆ ಪಿಯಾನೋ ಯಾರಿಗೆ? ಅಮೆರಿಕದಲ್ಲಿ ಹೊಸ ನಾಟಕ ಬೆಳೆಯುವ ಬಗೆ

ಪ್ರಶ್ನೆ: ನಾನು ನಮ್ಮೂರಿನ ಹವ್ಯಾಸಿ ತಂಡಕ್ಕೆ ನಾಟಕ ಬರೆದುಕೊಡುತ್ತೇನೆ. ಈವರೆಗೆ ನಾಲ್ಕು ಬರೆದಿದ್ದೇನೆ. ಬರೆದುಕೊಟ್ಟ ಮರುದಿನವೇ ತಾಲೀಮು ಶುರು, ತಿಂಗಳೊಳಗೆ ಪ್ರದರ್ಶನ. ಅಮೆರಿಕದಲ್ಲಿ ಹಾಗಲ್ಲ, ಹೊಸ ನಾಟಕವನ್ನು ರಂಗಕ್ಕೆ ತರುವ ಮೊದಲು ಎರಡು ಮೂರು ವರ್ಷ ಓದಿಸಿ, ತಿದ್ದಿ, ಮತ್ತೆ ಓದಿಸುತ್ತಾರೆ ಎಂದು ಕೇಳಿದೆ. ನಿಜವೇ? ಹತ್ತು ಜನರ ಮಾತು ಕೇಳಿದರೆ ನಾಟಕ ಕೆಡುವುದಿಲ್ಲವೇ? ಅಷ್ಟು ದಿನ ಬರೆಯುವವರ ಹೊಟ್ಟೆಪಾಡು ಹೇಗೆ? ಈಗಿನ ಅಮೆರಿಕನ್ ನಾಟಕಕಾರರಲ್ಲಿ ಯಾರನ್ನು ಓದಲಿ?

ಉತ್ತರ: ನೀವು ಕೇಳಿದ್ದು ನಿಜ. ಆದರೆ ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಅದಕ್ಕೇ ಅಂಟಿಕೊಂಡಿದೆ.

ಹತ್ತು ಜನರ ಮಾತು ಕೇಳಿದರೆ ನಾಟಕ ಕೆಡುತ್ತದಾ? ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು ಹಾಗೇ ತಿದ್ದಿದರೆ ಖಂಡಿತ ಕೆಡುತ್ತದೆ. ಅವರು ಎಲ್ಲಿ ತಡವರಿಸಿದರು, ಏನನ್ನು ಮತ್ತೆ ಮತ್ತೆ ಕೇಳಿದರು ಎಂದು ಗಮನಿಸಿದರೆ ನಾಟಕ ಗಟ್ಟಿಯಾಗುತ್ತದೆ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಕಪ್ಪು ಅಮೆರಿಕನ್ ನಾಟಕಕಾರ ಆಗಸ್ಟ್ ವಿಲ್ಸನ್ ಅವರ 'ದ ಪಿಯಾನೋ ಲೆಸನ್'.

ಕಥೆ 1936ರದು, ಪಿಟ್ಸ್‌ಬರ್ಗ್‌ನ ಒಂದು ಕಪ್ಪು ಜನರ ಮನೆ. ಮನೆಯಲ್ಲೊಂದು ಹಳೆಯ ಪಿಯಾನೋ. ಗುಲಾಮಗಿರಿಯ ಕಾಲದಲ್ಲಿ ಆ ಮನೆತನದ ತಾಯಿ ಮತ್ತು ಮಗನನ್ನು ಕೊಟ್ಟು, ಬದಲಿಗೆ ಯಜಮಾನ ತಂದುಕೊಂಡ ಪಿಯಾನೋ ಅದು. ಹೆಂಡತಿ ಮಗನನ್ನು ಕಳೆದುಕೊಂಡ ಮುತ್ತಜ್ಜ ಅದರ ಮರದ ಮೇಲೆ ಅವರ ಮುಖಗಳನ್ನು ಕೆತ್ತಿಟ್ಟಿದ್ದಾನೆ. ಈಗ ತಮ್ಮ ಬಾಯ್ ವಿಲಿ ಮಿಸಿಸಿಪ್ಪಿಯಿಂದ ಬಂದು, ಪಿಯಾನೋ ಮಾರೋಣ, ಆ ದುಡ್ಡಿನಲ್ಲಿ ನಮ್ಮ ಹಿರಿಯರು ಗುಲಾಮರಾಗಿ ದುಡಿದ ಭೂಮಿಯನ್ನೇ ಕೊಳ್ಳೋಣ ಅನ್ನುತ್ತಾನೆ. ಅಕ್ಕ ಬರ್ನೀಸ್ ಒಪ್ಪುವುದಿಲ್ಲ. ಇಬ್ಬರದೂ ನ್ಯಾಯವೇ. ಜೊತೆಗೆ, ಆ ಯಜಮಾನನ ವಂಶದವನೊಬ್ಬ ಈಚೆಗೆ ಸತ್ತಿದ್ದಾನೆ, ಅವನ ದೆವ್ವ ಮನೆಯಲ್ಲಿ ಓಡಾಡುತ್ತಿದೆ.

ಈ ನಾಟಕ ಮೊದಲು ರಂಗಕ್ಕೆ ಬಂದದ್ದು 1987ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಯೇಲ್ ರೆಪರ್ಟರಿ ಥಿಯೇಟರ್‌ನಲ್ಲಿ. ಆಗ ಪಿಯಾನೋ ಕೊನೆಗೆ ಯಾರ ಪಾಲಾಯಿತು ಎಂದು ನಾಟಕ ಹೇಳುತ್ತಿರಲಿಲ್ಲ. ಅಕ್ಕ ತಮ್ಮ ಇಬ್ಬರೂ ದೆವ್ವವನ್ನು ಎದುರಿಸುವುದೇ ಮುಖ್ಯ, ಪಿಯಾನೋ ಏನಾಯಿತು ಅನ್ನುವುದು ಅಲ್ಲ ಎಂಬುದು ವಿಲ್ಸನ್ ಲೆಕ್ಕ. ಆದರೆ ನೋಡಲು ಬಂದವರ ಮನಸ್ಸು ಅಲ್ಲೇ ಸಿಕ್ಕಿಕೊಂಡಿತ್ತು. ಅಲ್ವಾ ಮತ್ತೆ? ಎರಡೂವರೆ ಗಂಟೆ ಒಂದು ಪಿಯಾನೋ ಸುತ್ತ ಜಗಳ ನೋಡಿದವರು, ಅದು ಏನಾಯಿತು ಎಂದು ಕೇಳದೆ ಇರುತ್ತಾರಾ? ನಾಟಕ ಬಾಸ್ಟನ್, ಶಿಕಾಗೋ, ಸ್ಯಾನ್ ಡಿಯೇಗೋ, ವಾಷಿಂಗ್ಟನ್ ಸುತ್ತಿ 1990ರಲ್ಲಿ ಬ್ರಾಡ್‌ವೇಗೆ, ಅಂದರೆ ನ್ಯೂಯಾರ್ಕ್‌ನ ದೊಡ್ಡ ವಾಣಿಜ್ಯ ರಂಗಮಂದಿರಗಳಿಗೆ ಬಂತು. ಆ ದಾರಿಯಲ್ಲಿ ಕೊನೆ ಬದಲಾಯಿತು. ಈಗಿನ ಕೊನೆಯಲ್ಲಿ ಬಾಯ್ ವಿಲಿ ಪಿಯಾನೋ ಬಿಟ್ಟು ಊರಿಗೆ ಹೊರಡುತ್ತಾನೆ. ಹೋಗುವಾಗ, ಇದನ್ನು ನೀನೂ ನಿನ್ನ ಮಗಳೂ ನುಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ನಾನೂ ಬರುತ್ತೇನೆ, ಆ ದೆವ್ವವೂ ಬರುತ್ತದೆ ಎಂದು ಅಕ್ಕನಿಗೆ ಹೇಳುತ್ತಾನೆ.

ನೋಡಿ, 'ಹೀಗೆ ಮುಗಿಸಿ' ಎಂದು ಪ್ರೇಕ್ಷಕರು ಹೇಳಿಕೊಡಲಿಲ್ಲ. ಅವರು ಪ್ರಶ್ನೆ ಕೇಳಿದರು ಅಷ್ಟೇ. ಉತ್ತರ ವಿಲ್ಸನ್ ಅವರದೇ, ಆ ಪಾತ್ರದ ಬಾಯಿಂದಲೇ ಬಂದದ್ದು. ಹೊಸ ನಾಟಕದ ಜೊತೆ ಮಾಡುವ ಕೆಲಸವೆಲ್ಲ ಹೀಗೇ ನಡೆಯಬೇಕು ಎಂದು ನಾನು ನಂಬಿದ್ದೇನೆ. ಎಲ್ಲ ಕಡೆ ಹೀಗೆ ನಡೆಯುತ್ತದೆ ಎಂದು ಮಾತ್ರ ಹೇಳಲಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಪದ್ಧತಿಗೆ ತವರುಮನೆ ಅಂತ ಒಂದಿದ್ದರೆ ಅದು ಕನೆಕ್ಟಿಕಟ್ ರಾಜ್ಯದ ವಾಟರ್‌ಫರ್ಡ್. ಅಲ್ಲಿ ಸಮುದ್ರದ ದಂಡೆಯಲ್ಲಿ ಯೂಜೀನ್ ಓನೀಲ್ ಥಿಯೇಟರ್ ಸೆಂಟರ್ ಇದೆ. 1964ರಲ್ಲಿ ಶುರುವಾಯಿತು. ಪ್ರತಿ ಬೇಸಿಗೆ ಕೆಲವು ಹೊಸ ನಾಟಕಗಳನ್ನು ಆರಿಸಿ, ಬರೆದವರನ್ನು ಕರೆಸಿ, ನಟರು ಮತ್ತು ನಿರ್ದೇಶಕರನ್ನು ಜೊತೆಗೆ ಕೊಡುತ್ತಾರೆ. ಸೆಟ್ಟಿಲ್ಲ, ವೇಷವಿಲ್ಲ, ಮಾತು ಬಾಯಿಪಾಠವಿಲ್ಲ. ಕೆಲವು ದಿನದ ತಾಲೀಮು, ಆಮೇಲೆ ನಾಟಕದ ಪ್ರತಿಯನ್ನು ಕೈಯಲ್ಲಿ ಹಿಡಿದೇ ಜನರ ಮುಂದೆ ಓದು. ಮೊದಲ ಓದಿಗೂ ಎರಡನೆಯದಕ್ಕೂ ನಡುವೆ ಬರೆದವರು ಪುಟಗಟ್ಟಲೆ ತಿದ್ದಿರುತ್ತಾರೆ.

1968ರಿಂದ ಮೂರು ದಶಕ ಇದನ್ನು ನಡೆಸಿದವರು ಲಾಯ್ಡ್ ರಿಚರ್ಡ್ಸ್. ಬ್ರಾಡ್‌ವೇಯಲ್ಲಿ ನಾಟಕ ನಿರ್ದೇಶಿಸಿದ ಮೊದಲ ಕಪ್ಪು ನಿರ್ದೇಶಕರಲ್ಲಿ ಒಬ್ಬರು. ವಿಲ್ಸನ್ ತಮ್ಮ 'ಜಿಟ್ನಿ' ನಾಟಕವನ್ನು ಅಲ್ಲಿಗೆ ಕಳಿಸಿದರು, ವಾಪಸ್ ಬಂತು. ಯಾರೂ ಸರಿಯಾಗಿ ಓದಿರಲಿಕ್ಕಿಲ್ಲ ಎಂದುಕೊಂಡು ಅದನ್ನೇ ಮತ್ತೆ ಕಳಿಸಿದರು. ಮತ್ತೆ ವಾಪಸ್. ಆಗ ಕೂತು ಯೋಚಿಸಿದರಂತೆ, ಬಹುಶಃ ನಾನು ಅಂದುಕೊಂಡಷ್ಟು ಚೆನ್ನಾಗಿಲ್ಲವೇನೋ, ಇದಕ್ಕಿಂತ ಒಳ್ಳೆಯದನ್ನು ಬರೆಯಬೇಕು ಅಂತ. ಹಾಗೆ ಬರೆದದ್ದು 'ಮಾ ರೇನೀಸ್ ಬ್ಲ್ಯಾಕ್ ಬಾಟಮ್'. 1982ರಲ್ಲಿ ಓನೀಲ್‌ಗೆ ಆಯ್ಕೆಯಾಯಿತು, 1984ರಲ್ಲಿ ಯೇಲ್, ಅದೇ ವರ್ಷ ಬ್ರಾಡ್‌ವೇ. ಹದಿನೈದರಲ್ಲೇ ಶಾಲೆ ಬಿಟ್ಟು ಲೈಬ್ರರಿಯಲ್ಲಿ ಕೂತು ಓದಿಕೊಂಡ ಮನುಷ್ಯ ಅವರು. 20ನೇ ಶತಮಾನದ ಒಂದೊಂದು ದಶಕಕ್ಕೆ ಒಂದರಂತೆ ಹತ್ತು ನಾಟಕ ಬರೆದು ಮುಗಿಸಿ, 2005ರಲ್ಲಿ ತೀರಿಕೊಂಡರು. ಅಮೆರಿಕದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ ಎರಡು ಸಲ ಬಂತು. 'ಪಿಯಾನೋ ಲೆಸನ್' ಅದರಲ್ಲಿ ಎರಡನೆಯದು.

ಇನ್ನು ಈ ಓದು ಹೇಗಿರುತ್ತದೆ ಎಂದು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಅವರು ಅದನ್ನು ರೀಡಿಂಗ್ ಅನ್ನುತ್ತಾರೆ. ಮಿನಿಯಾಪೊಲಿಸ್‌ನಲ್ಲಿ ನಾನು ಒಂದಕ್ಕೆ ಎರಡು ಸಂಜೆ ಹೋಗಿದ್ದೆ. ಸಂಗೀತದವರು ಹಾಳೆ ಇಟ್ಟುಕೊಳ್ಳುವ ಕಬ್ಬಿಣದ ಸ್ಟ್ಯಾಂಡು ಐದು. ಅದರ ಮೇಲೆ ಪ್ರತಿ, ಕಾಲ ಬಳಿ ನೀರಿನ ಬಾಟಲಿ. ನಾಲ್ವರು ನಟರು. ಐದನೆಯವರ ಕೆಲಸ ರಂಗಸೂಚನೆ ಓದುವುದು ಮಾತ್ರ: 'ಅವಳು ಬಾಗಿಲು ತೆಗೆಯುತ್ತಾಳೆ', 'ದೀಪ ಆರುತ್ತದೆ', ಹೀಗೆ. ಬರೆದ ಹೆಣ್ಣುಮಗಳು ಹಿಂದಿನ ಸಾಲಿನಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದಳು. ಅವಳು ನಟರನ್ನು ನೋಡುತ್ತಲೇ ಇರಲಿಲ್ಲ. ನಮ್ಮನ್ನು ನೋಡುತ್ತಿದ್ದಳು.

ತಾಯಿಯ ಪಾತ್ರದವರು ಒಂದು ಮಾತಿನಲ್ಲಿ ತಡವರಿಸಿದರು. ಮಗನನ್ನು ಯಾಕೆ ಮನೆಯಿಂದ ಕಳಿಸಿದೆ ಎಂದು ವಿವರಿಸುವ ಉದ್ದನೆಯ ಮಾತು. ಅದೇ ಹೊತ್ತಿಗೆ ನನ್ನ ಪಕ್ಕದವರು ಕುರ್ಚಿಯಲ್ಲಿ ಸರಿದು ಕೂತರು. ನಾನೂ ಗಡಿಯಾರ ನೋಡಿದೆ. ಎರಡನೇ ಸಂಜೆ ಆ ಮಾತೇ ಇರಲಿಲ್ಲ. ಅದರ ಜಾಗದಲ್ಲಿ ತಾಯಿ ಮಗನ ತಟ್ಟೆಗೆ ಇನ್ನೊಂದು ಸಲ ಬಡಿಸುತ್ತಾಳೆ ಎಂದು ಸೂಚನೆ ಓದುವವರು ಓದಿದರು. ಅಷ್ಟೇ. ಯಾರೂ ಅಲುಗಾಡಲಿಲ್ಲ. ಆ ಮಾತು ತೆಗೆಯಿರಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೇ ಕೇಳಿಸಿಕೊಂಡಿದ್ದಳು.

ನ್ಯೂಯಾರ್ಕ್‌ನಲ್ಲಿ ನಟರ ಯೂನಿಯನ್ ಇಂಥ ಓದಿಗೆ 29 ಗಂಟೆಯ ಮಿತಿ ಇಟ್ಟಿದೆ. ತಾಲೀಮು, ಓದು ಎಲ್ಲ ಸೇರಿ ಅಷ್ಟರಲ್ಲೇ ಮುಗಿಯಬೇಕು. ಅದಕ್ಕಿಂತ ದೊಡ್ಡದು ವರ್ಕ್‌ಶಾಪ್. ಅಲ್ಲಿ ನಟರು ಎದ್ದು ಓಡಾಡುತ್ತಾರೆ, ದೃಶ್ಯಗಳನ್ನು ಕಟ್ಟಿ ನೋಡುತ್ತಾರೆ. ಬರೆದವರ ಪಕ್ಕದಲ್ಲಿ ಡ್ರಾಮಾಟರ್ಗ್ ಎನ್ನುವವರೊಬ್ಬರು ಇರುತ್ತಾರೆ. ಮೂಲದಲ್ಲಿ ಇದು ಜರ್ಮನಿಯ ಹುದ್ದೆ. ಒಳ್ಳೆಯ ಡ್ರಾಮಾಟರ್ಗ್ ತಿದ್ದುವುದಿಲ್ಲ, ಕೇಳುತ್ತಾರೆ. 'ಈ ಪಾತ್ರ ಮೊದಲ ಅಂಕದಲ್ಲಿ ಹೇಳಿದ ಸಾಲ ಏನಾಯಿತು?' 'ಈ ದೃಶ್ಯ ಬೆಳಿಗ್ಗೆಯದೋ ರಾತ್ರಿಯದೋ?' ಸಣ್ಣ ಪ್ರಶ್ನೆಗಳೇ. ಆದರೆ ಬರೆದವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಅಲ್ಲೇ ಎಲ್ಲೋ ಬಿರುಕಿದೆ ಎಂದರ್ಥ.

ಓದು ಮುಗಿದ ಮೇಲೆ ಸಭಿಕರ ಜೊತೆ ಮಾತುಕತೆ ಇರುತ್ತದೆ. ನಾಟಕ ಕೆಡುವುದು ಜಾಸ್ತಿ ಇಲ್ಲೇ. 'ನನಗನಿಸುತ್ತೆ, ಅವನು ಅವಳನ್ನು ಮದುವೆಯಾಗಬೇಕಿತ್ತು' ಅಂತ ಯಾರೋ ಶುರು ಮಾಡುತ್ತಾರೆ. ಆಮೇಲೆ ಎಲ್ಲರೂ ತಮ್ಮ ತಮ್ಮ ನಾಟಕ ಬರೆಯತೊಡಗುತ್ತಾರೆ. ಇದನ್ನು ತಡೆಯಲು ಲಿಜ್ ಲರ್ಮನ್ ಎಂಬ ನೃತ್ಯ ಸಂಯೋಜಕಿ 1990ರ ಹೊತ್ತಿಗೆ ಒಂದು ಕ್ರಮ ರೂಪಿಸಿದರು. ನಾಟಕದವರು ಅದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಮೊದಲು ಸಭಿಕರು ತಮ್ಮನ್ನು ಯಾವುದು ತಟ್ಟಿತು, ಯಾವುದು ನೆನಪಲ್ಲಿ ಉಳಿಯಿತು ಅಂತ ಮಾತ್ರ ಹೇಳಬೇಕು. ಆಮೇಲೆ ಬರೆದವರು ತಮ್ಮ ಅನುಮಾನಗಳನ್ನು ಸಭಿಕರ ಮುಂದಿಡುತ್ತಾರೆ. ಮೂರನೆಯದಾಗಿ ಸಭಿಕರು ಪ್ರಶ್ನೆ ಕೇಳಬಹುದು, ಆದರೆ ಪ್ರಶ್ನೆಯಲ್ಲಿ ಅಭಿಪ್ರಾಯ ಬೆರೆಸುವಂತಿಲ್ಲ. 'ಕೊನೆ ಯಾಕಿಷ್ಟು ಎಳೆದಿರಿ?' ಅನ್ನುವಂತಿಲ್ಲ, 'ಕೊನೆಯ ದೃಶ್ಯದಿಂದ ನಿಮಗೆ ಏನು ಬೇಕಿತ್ತು?' ಅನ್ನಬಹುದು. ಅಭಿಪ್ರಾಯ ಹೇಳುವ ಸರದಿ ಎಲ್ಲಕ್ಕಿಂತ ಕೊನೆಗೆ, ಅದೂ ಬರೆದವರ ಒಪ್ಪಿಗೆ ಕೇಳಿ. ಇದಕ್ಕೆ ಖರ್ಚೇನೂ ಇಲ್ಲ. ನಿಮ್ಮ ಐದನೇ ನಾಟಕವನ್ನು ತಾಲೀಮಿಗೆ ಕೊಡುವ ಮೊದಲು ಒಂದು ಭಾನುವಾರ ಹೀಗೆ ಮಾಡಿ ನೋಡಿ. ಪಾತ್ರ ಮಾಡಬೇಕಾದವರಿಂದ ಓದಿಸಬೇಡಿ, ಬೇರೆಯವರಿಂದ ಓದಿಸಿ. ನಟರಿಗೆ ತಮ್ಮ ಪಾತ್ರದ ಉದ್ದದ ಮೇಲೆ ಕಣ್ಣಿರುತ್ತದೆ.

ಈಗ ಈ ಪದ್ಧತಿಯ ಕೆಟ್ಟ ಮುಖ. ಅಮೆರಿಕದ ಒಳ್ಳೆಯ ರಂಗಮಂದಿರಗಳಲ್ಲಿ ಹೆಚ್ಚಿನವು ಲಾಭಕ್ಕಾಗಿ ನಡೆಯುವ ಸಂಸ್ಥೆಗಳಲ್ಲ. ಟಿಕೆಟ್ ಹಣದಲ್ಲಿ ಅವುಗಳ ಖರ್ಚು ಹುಟ್ಟುವುದಿಲ್ಲ. ದಾನಿಗಳು, ಪ್ರತಿಷ್ಠಾನಗಳು, ವರ್ಷವಿಡೀ ಟಿಕೆಟ್ ಕೊಳ್ಳುವ ಚಂದಾದಾರರು, ಇವರ ಮೇಲೆ ನಿಂತಿವೆ. ಹೆಸರು ಕೇಳದವರ ಹೊಸ ನಾಟಕ ಹಾಕಿ ಸೀಟು ಖಾಲಿ ಉಳಿದರೆ ದೊಡ್ಡ ನಷ್ಟ. ರೀಡಿಂಗ್‌ಗೆ ಆಗುವ ಖರ್ಚು ಅದರ ಮುಂದೆ ಏನೂ ಅಲ್ಲ. ಹಾಗಾಗಿ ನಾಟಕ ಆಡಿಸುವ ಬದಲು ಓದಿಸುತ್ತಾರೆ. ಹೊಸಬರಿಗೆ ಪ್ರೋತ್ಸಾಹ ಕೊಟ್ಟೆವು ಎಂದು ಹೇಳಿಕೊಳ್ಳಲೂ ಬರುತ್ತದೆ. ಒಂದೇ ನಾಟಕ ಐದಾರು ಊರಿನಲ್ಲಿ ಓದಾಗುತ್ತದೆ, ಪ್ರತಿ ಊರಿನವರ ಮಾತಿಗೂ ಒಂದಿಷ್ಟು ಬದಲಾಗುತ್ತದೆ, ಕೊನೆಗೆ ಎಲ್ಲೂ ಆಡುವುದಿಲ್ಲ. ಮೊನಚೆಲ್ಲ ಸವೆದು ಹೋಗಿರುತ್ತದೆ. ಇನ್ನೊಂದು ಅಪಾಯವೂ ಇದೆ. ಸ್ಟ್ಯಾಂಡಿನ ಮುಂದೆ ನಿಂತು ಓದಲು ಚೆನ್ನಾಗಿರುವ ನಾಟಕಗಳೇ ಮೇಲೆ ಬರುತ್ತವೆ. ಮೌನ, ಚಲನೆ, ಕೆಲಸ ಇವುಗಳಿಂದ ಕಟ್ಟಿದ ನಾಟಕ ಓದಿನಲ್ಲಿ ಸಪ್ಪೆ ಅನ್ನಿಸುತ್ತದೆ.

ಇದರಿಂದ ಬೇಸತ್ತ ಹದಿಮೂರು ನಾಟಕಕಾರರು 2003ರಲ್ಲಿ ನ್ಯೂಯಾರ್ಕ್‌ನಲ್ಲಿ ಒಟ್ಟಾದರು. ಗುಂಪಿಗೆ 13ಪಿ ಎಂದು ಹೆಸರಿಟ್ಟರು. ನಾವು ನಾಟಕ ಬೆಳೆಸುವವರಲ್ಲ, ಆಡುವವರು ಎಂಬುದೇ ಅವರ ಘೋಷಣೆ. ಒಬ್ಬೊಬ್ಬರದು ಒಂದೊಂದು ನಾಟಕ ರಂಗಕ್ಕೆ ತರುವುದು, ಯಾರ ನಾಟಕವೋ ಆ ಸಲ ಅವರೇ ತಂಡದ ಮುಖ್ಯಸ್ಥರು. ಸಾರಾ ರೂಲ್, ಆನ್ ವಾಶ್‌ಬರ್ನ್, ಯಂಗ್ ಜೀನ್ ಲೀ ಅವರೆಲ್ಲ ಅದರಲ್ಲಿದ್ದರು. 2012ರಲ್ಲಿ ಹದಿಮೂರನೇ ನಾಟಕ ಆಡಿ, ಮೊದಲೇ ಹೇಳಿದಂತೆ ಬಾಗಿಲು ಮುಚ್ಚಿದರು. ಅವರ ಮಾತಿನಲ್ಲಿ ದೊಡ್ಡ ಸತ್ಯವಿದೆ. ಪ್ರದರ್ಶನದ ದಿನಾಂಕ ಗೊತ್ತಾಗಿರುವ ನಾಟಕಕ್ಕೆ ಮಾತ್ರ ಓದು ನಿಜವಾದ ಉಪಕಾರ ಮಾಡುತ್ತದೆ. ದಿನಾಂಕವೇ ಇಲ್ಲದ ಓದು ಬರೆದವರನ್ನು ಸುಮ್ನೆ ಕಾಯಿಸುತ್ತದೆ. 'ಪಿಯಾನೋ ಲೆಸನ್' ಊರೂರು ಸುತ್ತಿದ್ದು ಪೂರ್ಣ ಪ್ರದರ್ಶನವಾಗಿ ಅನ್ನುವುದನ್ನು ಮರೆಯಬೇಡಿ. ನ್ಯಾಷನಲ್ ನ್ಯೂ ಪ್ಲೇ ನೆಟ್‌ವರ್ಕ್ ಎಂಬ ಒಕ್ಕೂಟ ಈಗ ಅದನ್ನೇ ಚಿಕ್ಕ ತಂಡಗಳಿಗೂ ಸಾಧ್ಯ ಮಾಡಿಕೊಟ್ಟಿದೆ. ಒಂದೇ ಹೊಸ ನಾಟಕವನ್ನು ಬೇರೆ ಬೇರೆ ಊರಿನ ಕನಿಷ್ಠ ಮೂರು ತಂಡಗಳು ಒಂದರ ಹಿಂದೆ ಒಂದು ಆಡುತ್ತವೆ, ನಡುವೆ ಬರೆದವರು ತಿದ್ದಿಕೊಳ್ಳಬಹುದು.

ಕೆಲವರು ಓದಿನ ಕೋಣೆಗೆ ಬರುವ ಮೊದಲೇ ವರ್ಷಗಟ್ಟಲೆ ಕೇಳಿಸಿಕೊಂಡಿರುತ್ತಾರೆ. ಲಿನ್ ನಾಟೇಜ್ ಹಾಗೆ. 2011ರಲ್ಲಿ ಅವರು ಪೆನ್ಸಿಲ್ವೇನಿಯಾದ ರೆಡಿಂಗ್ ಎಂಬ ಊರಿಗೆ ಹೋದರು. ಕಾರ್ಖಾನೆಗಳು ಮುಚ್ಚಿ ದೇಶದಲ್ಲೇ ಕಡು ಬಡ ನಗರಗಳಲ್ಲಿ ಒಂದು ಎಂದು ಹೆಸರಾಗಿದ್ದ ಊರು. ಎರಡು ವರ್ಷಕ್ಕೂ ಜಾಸ್ತಿ ಹೋಗಿ ಬಂದು ಮಾಡಿ ಅಲ್ಲಿನ ಕೆಲಸಗಾರರ ಜೊತೆ ಮಾತಾಡಿದರು. ಅದರಿಂದ ಹುಟ್ಟಿದ್ದು 'ಸ್ವೆಟ್'. ಒಂದು ಬಾರ್, ಒಂದೇ ಕಾರ್ಖಾನೆಯಲ್ಲಿ ದುಡಿಯುವ ಮೂವರು ಗೆಳತಿಯರು. ಒಬ್ಬಳಿಗೆ ಬಡ್ತಿ ಸಿಗುತ್ತದೆ, ಆಮೇಲೆ ಕಾರ್ಖಾನೆ ಗೇಟಿಗೆ ಬೀಗ ಬೀಳುತ್ತದೆ, ಅವಳು ಗೇಟಿನ ಒಳಗೆ, ಇವರು ಹೊರಗೆ. 2015ರಲ್ಲಿ ಆರೆಗನ್ ಶೇಕ್ಸ್‌ಪಿಯರ್ ಫೆಸ್ಟಿವಲ್‌ನಲ್ಲಿ ಮೊದಲ ಪ್ರದರ್ಶನ, 2017ರಲ್ಲಿ ಬ್ರಾಡ್‌ವೇ, ಅದೇ ವರ್ಷ ಪುಲಿಟ್ಜರ್. ನಾಟಕ ವಿಭಾಗದಲ್ಲಿ ಎರಡು ಸಲ ಪುಲಿಟ್ಜರ್ ಪಡೆದ ಮೊದಲ ಹೆಂಗಸು ಅವರು. ಕಥೆ ತೆಗೆದುಕೊಂಡು ಊರು ಮರೆಯಲಿಲ್ಲ ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ. ಆ ವರ್ಷವೇ ರೆಡಿಂಗ್‌ಗೆ ಮರಳಿ, ಅಲ್ಲಿನ ಹಳೆಯ ರೈಲು ನಿಲ್ದಾಣದಲ್ಲಿ ಊರಿನವರಿಗಾಗಿ ಇನ್ನೊಂದು ರಂಗ ಪ್ರಯೋಗ ಮಾಡಿದರು.

ಹೊಟ್ಟೆಪಾಡಿನ ಪ್ರಶ್ನೆ. ನಾಟಕ ಬರೆದೇ ಬದುಕುವವರು ಅಲ್ಲಿ ಬೆರಳೆಣಿಕೆಯಷ್ಟು. ಉಳಿದವರು ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುತ್ತಾರೆ, ಇಲ್ಲವೇ ಟಿವಿ ಧಾರಾವಾಹಿಗೆ ಬರೆಯುತ್ತಾರೆ. ಇದರಲ್ಲೊಂದು ಸಂಕಟವಿದೆ. ಟಿವಿಗೆ ಬರೆದದ್ದು ಕಂಪನಿಯ ಸೊತ್ತು, ಆದರೆ ಬರೆಯುವವರು ನೌಕರರು, ಯೂನಿಯನ್ ಇದೆ, ಆರೋಗ್ಯ ವಿಮೆ ಇದೆ. ನಾಟಕವಾದರೆ ಅದು ಬರೆದವರ ಸ್ವಂತ ಸೊತ್ತು, ಅವರ ಒಪ್ಪಿಗೆ ಇಲ್ಲದೆ ಒಂದು ಮಾತನ್ನೂ ಬದಲಿಸುವಂತಿಲ್ಲ. ಡ್ರಾಮಾಟಿಸ್ಟ್ಸ್ ಗಿಲ್ಡ್ ನೂರು ವರ್ಷದಿಂದ ಕಾಯ್ದುಕೊಂಡು ಬಂದ ಹಕ್ಕು ಅದು. ಆದರೆ ಒಡೆಯರಾಗಿರುವ ಕಾರಣಕ್ಕೇ ಕಾನೂನಿನ ಕಣ್ಣಿಗೆ ಅವರು ಕೆಲಸಗಾರರಲ್ಲ. ಯೂನಿಯನ್ ಕಟ್ಟಿ ಸಂಬಳಕ್ಕೆ ಚೌಕಾಸಿ ಮಾಡುವಂತಿಲ್ಲ.

ನೆರವಿಗೆ ಕೆಲವು ಸಂಸ್ಥೆಗಳಿವೆ. ನ್ಯೂಯಾರ್ಕ್‌ನ ನ್ಯೂ ಡ್ರಾಮಾಟಿಸ್ಟ್ಸ್ 1949ರಿಂದ ಇದೆ. ಹಳೆಯ ಚರ್ಚ್ ಕಟ್ಟಡವೊಂದರಲ್ಲಿದೆ, ಆಯ್ಕೆಯಾದವರಿಗೆ ಏಳು ವರ್ಷ ಜಾಗ, ನಟರು, ಓದು ಎಲ್ಲ ಉಚಿತ. ಮಿನಿಯಾಪೊಲಿಸ್‌ನಲ್ಲಿ ಶುರುವಾದ ಪ್ಲೇರೈಟ್ಸ್ ಸೆಂಟರ್ ಇದೆ, ವಿಲ್ಸನ್ ಅವರಿಗೆ ಮೊದಲ ದಿನಗಳಲ್ಲಿ ಫೆಲೋಶಿಪ್ ಕೊಟ್ಟದ್ದು ಅದೇ. ಆದರೆ ಕೋವಿಡ್ ಬಳಿಕ ಕಾಲ ಕೆಟ್ಟಿದೆ. 1976ರಿಂದ ಲೂಯಿವಿಲ್‌ನಲ್ಲಿ ನಡೆಯುತ್ತಿದ್ದ ಹ್ಯುಮಾನಾ ಹೊಸ ನಾಟಕೋತ್ಸವ ನಿಂತುಹೋಯಿತು. ಹೊಸ ನಾಟಕ ಬೆಳೆಸುತ್ತಿದ್ದ ನ್ಯೂಯಾರ್ಕ್‌ನ ಲಾರ್ಕ್ ಸಂಸ್ಥೆ 2021ರಲ್ಲಿ ಮುಚ್ಚಿತು. 2025ರಲ್ಲಿ ಕೇಂದ್ರ ಸರ್ಕಾರದ ಕಲಾನಿಧಿ ಅನೇಕ ರಂಗಸಂಸ್ಥೆಗಳಿಗೆ ಕೊಟ್ಟ ಅನುದಾನ ರದ್ದು ಮಾಡಿತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಇವೆಲ್ಲ ಕಟ್ಟಲು ಮೂರು ನಾಲ್ಕು ದಶಕ ಹಿಡಿದ ಮನೆಗಳು.

ಈ ಪದ್ಧತಿಯ ಫಲ ನಮಗೂ ಒಂದು ಸಿಕ್ಕಿದೆ. ಗಿರೀಶ ಕಾರ್ನಾಡರು 1987-88ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾಗ 'ನಾಗಮಂಡಲ' ಬರೆದರು. ಅದರ ಕಥೆ ಅಲ್ಲೇ ಪಾಠ ಮಾಡುತ್ತಿದ್ದ ಎ. ಕೆ. ರಾಮಾನುಜನ್ ಅವರಿಂದ ಕೇಳಿದ್ದು. 1993ರಲ್ಲಿ ಮಿನಿಯಾಪೊಲಿಸ್‌ನ ಗಥ್ರಿ ಥಿಯೇಟರ್ ಅದನ್ನು ಆಡಿತು, ಆಮೇಲೆ ಇನ್ನೊಂದು ನಾಟಕ ಬರೆದುಕೊಡಿ ಎಂದು ಕೇಳಿತು. 'ಅಗ್ನಿ ಮತ್ತು ಮಳೆ' ಹಾಗೆ ಬಂದದ್ದು. ಮಹಾಭಾರತದ ಯವಕ್ರೀತನ ಕಥೆ ಗಥ್ರಿಯ ವರ್ಕ್‌ಶಾಪ್‌ನಲ್ಲಿ ಅಮೆರಿಕನ್ ನಟರ ಬಾಯಲ್ಲೂ ಪಳಗಿದೆ. ನಿಮ್ಮ ಬಳಿ ಆ ಪುಸ್ತಕ ಇದ್ದರೆ, ಇದನ್ನು ಮನಸ್ಸಲ್ಲಿಟ್ಟುಕೊಂಡು ಇನ್ನೊಮ್ಮೆ ಓದಿ.

ಯಾರನ್ನು ಓದಲಿ ಎಂದು ಕೇಳಿದ್ದೀರಿ. ಮೊದಲು ವಿಲ್ಸನ್, 'ಫೆನ್ಸಸ್' ಮತ್ತು 'ಪಿಯಾನೋ ಲೆಸನ್'. ಆಮೇಲೆ 'ಸ್ವೆಟ್'. ಸೂಸನ್-ಲೋರಿ ಪಾರ್ಕ್ಸ್ ಅವರ 'ಟಾಪ್‌ಡಾಗ್/ಅಂಡರ್‌ಡಾಗ್' ಓದಿ. ಇಬ್ಬರು ಅಣ್ಣತಮ್ಮಂದಿರು, ಒಂದು ಕೋಣೆ, ಇಸ್ಪೀಟಿನ ಮೋಸದಾಟ. ಪಾತ್ರ ಕಡಿಮೆ ಇರುವ ನಾಟಕ ಬೇಕಾದವರಿಗೆ ಅದೊಂದು ಪಾಠಶಾಲೆ. ರಾಜೀವ್ ಜೋಸೆಫ್ ಅವರ 'ಗಾರ್ಡ್ಸ್ ಅಟ್ ದ ತಾಜ್' ನಡೆಯುವುದೇ ಆಗ್ರಾದಲ್ಲಿ, 1648ರಲ್ಲಿ. ತಾಜ್‌ಮಹಲಿಗೆ ಬೆನ್ನು ಹಾಕಿ ಕಾವಲು ನಿಂತ ಇಬ್ಬರು ಸಿಪಾಯಿಗಳ ಕಥೆ.

ಕೊನೆಗೆ ಆನಿ ಬೇಕರ್ ಅವರ 'ದ ಫ್ಲಿಕ್'. ಮ್ಯಾಸಚೂಸೆಟ್ಸ್‌ನ ಒಂದು ಹಳೆಯ ಸಿನಿಮಾ ಟಾಕೀಸು. ಆಟ ಮುಗಿದ ಮೇಲೆ ಕೆಲಸದವರು ಸೀಟಿನ ಕೆಳಗೆ ಬಿದ್ದ ಪಾಪ್‌ಕಾರ್ನ್ ಗುಡಿಸುತ್ತಾರೆ. ಗುಡಿಸುತ್ತಲೇ ಇರುತ್ತಾರೆ. ಮಾತು ಕಡಿಮೆ, ಮೌನ ಜಾಸ್ತಿ, ಮೂರು ಗಂಟೆಗೂ ಮೀರಿದ ನಾಟಕ. 2013ರಲ್ಲಿ ನ್ಯೂಯಾರ್ಕ್‌ನ ಪ್ಲೇರೈಟ್ಸ್ ಹೊರೈಜನ್ಸ್ ಇದನ್ನು ಆಡಿದಾಗ ಕೆಲವರು ಮಧ್ಯಂತರದಲ್ಲೇ ಎದ್ದು ಹೋದರು. ಸಂಸ್ಥೆಯ ಮುಖ್ಯಸ್ಥ ಟಿಮ್ ಸ್ಯಾನ್‌ಫರ್ಡ್ ಚಂದಾದಾರರಿಗೆಲ್ಲ ಪತ್ರ ಬರೆದರು. ಬೇಸರವಾದವರ ಮಾತನ್ನು ಕೇಳಿಸಿಕೊಂಡೆವು ಎಂದರು, ಆದರೆ ನಾಟಕದ ಬೆನ್ನು ಬಿಡಲಿಲ್ಲ. ಮರುವರ್ಷ ಅದಕ್ಕೆ ಪುಲಿಟ್ಜರ್ ಬಂತು.

ಇದನ್ನು ಒಬ್ಬರೇ ಕೂತು ಓದಬೇಡಿ. ಮೂವರು ಸೇರಿ ಗಟ್ಟಿಯಾಗಿ ಓದಿ. ಮೌನ ಅಂತ ಬರೆದಲ್ಲಿ ನಿಜವಾಗಿ ನಿಲ್ಲಿಸಿ, ಒಬ್ಬರು ಎದ್ದು ಪೊರಕೆ ಹಿಡಿದು ಗುಡಿಸಿ.